ಮೋಡಕ್ಕೊಬ್ಬ ಸ್ಟೋರ್ ಕೀಪರ್

"ನಿಮ್ಮವರು ರಿಪೇರಿ ಮಾಡಿ ಹೋದಮೇಲೆ ನಮ್ಮ ಫ್ರಿಜ್ಜು ಅಳ್ತಾ ಇದೆ ಕಣ್ರೀ!"

ಬೆಳಿಗ್ಗೆ ಆಫೀಸಿನ ಬೀಗ ತೆಗೆಯುತ್ತಿದ್ದಂತೆಯೇ ಬಂದ ಈ ಕರೆಯನ್ನು ಎತ್ತಿಕೊಂಡವರು ಸ್ಟೋರಪ್ಪನವರು. ಮನೆಮನೆಗೆ ಹೋಗಿ ಫ್ರಿಜ್ಜು, ವಾಷಿಂಗ್ ಮೆಷಿನ್ನು ರಿಪೇರಿ ಮಾಡಿಕೊಡುವ ಆ ಕಂಪನಿಯಲ್ಲಿ ಅವರು ಸ್ಟೋರ್ ಕೀಪರು. ತಂದೆತಾಯಿ ಇಟ್ಟ ಹೆಸರೊಂದು ಅವರಿಗೂ ಇತ್ತು. ಆದರೆ ಸಂಬಳದ ದಿನ ಬಿಟ್ಟರೆ ಉಳಿದ ದಿನ ಅದು ಯಾರಿಗೂ ನೆನಪಾಗುತ್ತಿರಲಿಲ್ಲ.

"ಅಳೋದು ಅಂದ್ರೆ ಹೇಗಮ್ಮಾ? ಗುರ್ ಅಂತಾನೋ, ಕಿರ್ ಅಂತಾನೋ?"

"ಎಳೇ ಮಗು ಅತ್ತ ಹಾಗೆ! ನಮ್ಮತ್ತೆ ಪಾಪ, ಫ್ರಿಜ್ಜಿನ ಮುಂದೆ ಕೂತು ಜೋಗುಳ ಹಾಡ್ತಿದ್ದಾರೆ!"

ಹೋಗಿ ನೋಡಿದರೆ ಸಂಗತಿ ಇಷ್ಟೇ. ರಿಪೇರಿಗೆ ಹೋಗಿದ್ದ ಮೆಕ್ಯಾನಿಕ್ಕು ಕಂಪನಿಯ ಫೋನನ್ನು ಐಸ್ ಪೆಟ್ಟಿಗೆಯಲ್ಲೇ ಮರೆತು ಬಂದಿದ್ದ. ಗಂಡ ಎಲ್ಲಿ ಹಾಳಾಗಿ ಹೋದನೆಂದು ಅವನ ಹೆಂಡತಿ ಕರೆ ಮಾಡುತ್ತಲೇ ಇದ್ದಳು. ಆ ಫೋನಿನ ರಿಂಗ್‌ಟೋನು ಮಗುವಿನ ಅಳು.

ಯಜಮಾನರು ಕೆಂಡವಾದರು. "ಮೊನ್ನೆ ಒಂದು ಫೋನು ವಾಷಿಂಗ್ ಮೆಷಿನ್ನಿನಲ್ಲಿ ಒಗೆದು ಹಿಂಡಿಸಿಕೊಂಡು ಬಂತು. ಇವತ್ತು ಇನ್ನೊಂದಕ್ಕೆ ನೆಗಡಿ! ಸ್ಟೋರಪ್ಪ, ಎಲ್ಲರ ಫೋನನ್ನೂ ಇಲ್ಲಿಂದಲೇ ಕಾಯೋ ಸಾಫ್ಟ್‌ವೇರ್ ಬಂದಿದೆಯಂತೆ. ಮೋಡದಲ್ಲಿರುತ್ತಂತೆ. ಇವತ್ತೇ ಒಂದು ಆರಿಸಿ ಹಾಕಿ."

"ನಾನಾ ಯಜಮಾನ್ರೇ? ನನಗೆ ನಟ್ಟು ಬೋಲ್ಟು ಬಿಟ್ಟು ಬೇರೇನು ಗೊತ್ತು?"

"ಫೋನು ವಸ್ತು ತಾನೆ? ವಸ್ತು ಅಂದಮೇಲೆ ಸ್ಟೋರಿಗೆ ಸೇರಿದ್ದು. ಅದು ಮುಗಿಯೋ ತನಕ ನಿಮ್ಮ ರಜೆ ಮಂಜೂರಿಲ್ಲ."

ಮರುದಿನ ಬೆಳಗಿನ ರೈಲಿಗೆ ಸ್ಟೋರಪ್ಪನವರೂ ಅವರ ಹೆಂಡತಿಯೂ ಸಮುದ್ರ ನೋಡಲು ಹೊರಡುವವರಿದ್ದರು. ಆಕೆ ಹುಟ್ಟಿದಾಗಿನಿಂದ ಸಮುದ್ರ ಕಂಡವಳಲ್ಲ. ಮದುವೆಯಾದ ಹೊಸತರಲ್ಲಿ ತೋರಿಸುತ್ತೇನೆಂದಿದ್ದರು. ಒಂದು ವರ್ಷ ಸ್ಟಾಕು ಎಣಿಕೆ ಅಡ್ಡ ಬಂತು, ಒಂದು ವರ್ಷ ಮಗಳ ಪರೀಕ್ಷೆ, ಒಂದು ವರ್ಷ ಯಜಮಾನರ ಮೂಗಿನ ತುದಿಯ ಸಿಟ್ಟು. ಆಕೆ ಒಂದು ಸಲವೂ ಮುಖ ಸಿಂಡರಿಸಿದವಳಲ್ಲ. ಅದೇ ಸ್ಟೋರಪ್ಪನವರನ್ನು ಚುಚ್ಚುತ್ತಿತ್ತು. ಮನೆಯವಳ ಆಸೆಯನ್ನು ನಾಳೆ ನಾಳೆ ಎಂದು ಮುಂದೂಡಬಾರದು. ನಾಳೆಗಳನ್ನು ಹಂಚುವ ಕೈ ನಮ್ಮದಲ್ಲ. ಇಷ್ಟನ್ನು ತಿಳಿದವರಾಗಿ ಅವರು ಈ ಸಲ ಟಿಕೆಟನ್ನು ಮೊದಲೇ ತೆಗೆದಿಟ್ಟಿದ್ದರು.

ದೇವರ ಮೇಲೆ ಭಾರ ಹಾಕಿ ಅವರು ಕಂಪ್ಯೂಟರಿನ ಮುಂದೆ ಕುಳಿತರು. ಕೂತದ್ದೇ ತಡ, ಅಕೌಂಟ್ಸಿನ ಅಕ್ಕ ತನ್ನ ಕುರ್ಚಿಯನ್ನು ಎಳೆದುಕೊಂಡು ಪಕ್ಕಕ್ಕೆ ಬಂದಳು. ಆ ಆಫೀಸಿನಲ್ಲಿ ಯಾರಿಗೆ ತಲೆನೋವು ಬಂದರೂ ಔಷಧಿ ಹೇಳುವವಳು ಆಕೆಯೇ; ಎಷ್ಟೋ ಸಲ ತಲೆನೋವು ತರುವವಳೂ ಆಕೆಯೇ.

"ಯೋಚನೆ ಮಾಡ್ಬೇಡಿ ಅಣ್ಣಾ, ನಾನಿದೀನಲ್ಲ" ಎಂದಳು. ಸ್ಟೋರಪ್ಪನವರ ಯೋಚನೆ ಇಮ್ಮಡಿಯಾಯಿತು.

ಹಿಂದೆಯೇ ಬಂದವನು ಹೆಡ್ ಮೆಕ್ಯಾನಿಕ್ಕು. ಫ್ರಿಜ್ಜಿಗೆ ಗ್ಯಾಸ್ ತುಂಬುವುದರಲ್ಲಿ ಗಟ್ಟಿಗ; ಮಾತಿಗೂ ಅದನ್ನೇ ತುಂಬುತ್ತಿದ್ದುದರಿಂದ ಎಲ್ಲರಿಗೂ ಗ್ಯಾಸಣ್ಣ. ಅವನು ಮೇಜು ಕುಟ್ಟಿ ಹೇಳಿದ: "ನೋಡಿ ಸ್ಟೋರಪ್ಪನೋರೇ, ನಾವೆಲ್ಲಿದೀವಿ ಅಂತ ತೋರ್ಸೋ ಸಾಫ್ಟ್‌ವೇರು ಮಾತ್ರ ಬೇಡ. ನಾವೇನು ಕಳ್ಳರಾ?"

"ಕಳ್ಳರಲ್ಲದಿದ್ರೆ ತೋರ್ಸಿದ್ರೆ ಏನಂತೆ?" ಎಂದಳು ಅಕ್ಕ.

"ಅಕ್ಕಾ, ಮನುಷ್ಯ ಅಂದಮೇಲೆ ದಾರೀಲಿ ಒಂದು ಮರ ಇರುತ್ತೆ, ಮರಕ್ಕೊಂದು ನೆರಳಿರುತ್ತೆ."

ಮೊದಲನೆಯ ಕಂಪನಿಗೆ ಫೋನು ಮಾಡಿದರು. ಅತ್ತಲಿಂದ ಜೇನಿನಂಥ ದನಿಯ ಹೆಣ್ಣುಮಗಳು, "ನಿಮ್ಮ ಐ.ಟಿ. ವಿಭಾಗದವರಿಗೆ ಕೊಡಿ ಸಾರ್" ಎಂದಳು.

"ನಮ್ಮಲ್ಲಿರೋದು ನಟ್ಟು ಬೋಲ್ಟಿನ ವಿಭಾಗ ತಾಯಿ. ಮಾತಾಡ್ತಿದೆ, ಹೇಳಿ."

ಜೇನು ಹೆಪ್ಪುಗಟ್ಟಿತು. ಮತ್ತೆ ಕರೆ ಮಾಡುತ್ತೇವೆ ಎಂದವರು ಮಾಡಲಿಲ್ಲ. ಎರಡನೆಯ ಕಂಪನಿಯವನು ಅಕ್ಷರಗಳಲ್ಲೇ ಮಾತನಾಡಿದ. ಎ ಎಂದ, ಪಿ ಎಂದ, ಐ ಎಂದ. ಅವನು ಝಡ್ ಮುಟ್ಟುವ ಮೊದಲೇ ಸ್ಟೋರಪ್ಪನವರು ನಮಸ್ಕಾರ ಹೇಳಿ ಇಟ್ಟುಬಿಟ್ಟರು.

ಮೂರನೆಯವನು ಮಾತ್ರ ಮನುಷ್ಯರಂತೆ ಮಾತನಾಡಿದ.

"ಎಲ್ಲಾ ಮೋಡದಲ್ಲೇ ಇರುತ್ತೆ ಸಾರ್" ಎಂದ ಆತ.

"ಯಾವ ಕಪಾಟಿನಲ್ಲಿ?" ಸ್ಟೋರು ನಡೆಸಿದ ಮನುಷ್ಯ, ಕೇಳದೆ ಹೇಗಿದ್ದಾರು?

"ಕಪಾಟಿಲ್ಲ ಸಾರ್."

"ಬೀಗ?"

"ಬೀಗವೂ ಮೋಡದಲ್ಲೇ."

"ಕೀಲಿಕೈ?"

"ನಿಮ್ಮ ಹತ್ರ. ಒಂದು ಪಾಸ್‌ವರ್ಡ್ ಕೊಡ್ತೀವಿ. ಅಲ್ಲಿಗೆ ನೀವೇ ಸ್ಟೋರ್ ಕೀಪರು ಅಂದ್ಕೊಳ್ಳಿ."

ಸ್ಟೋರಪ್ಪನವರು ತಿಳಿಯದೆಯೇ ಕೈ ಜೋಡಿಸಿದರು. ಮೋಡಗಳ ಉಗ್ರಾಣ ಯಾವ ದೇವರ ಸುಪರ್ದಿನಲ್ಲಿದೆಯೋ ಆತನನ್ನು ಅವರು ದಿನಾ ಬೆಳಿಗ್ಗೆ ನೆನೆಯುವವರು. ಅದರ ಕೀಲಿಕೈ ತಮ್ಮ ಸೊಂಟಕ್ಕೆ ಬರುತ್ತದೆಂದು ಎಣಿಸಿರಲಿಲ್ಲ.

"ಇನ್ನೊಂದು ವಿಶೇಷ ಸಾರ್. ನಮ್ಮ ಸಾಫ್ಟ್‌ವೇರಿನ ಗುಂಡಿಗಳೆಲ್ಲ ನಿಮ್ಮ ಭಾಷೆಯಲ್ಲೇ ಇವೆ. ಇವತ್ತು ಪುಕ್ಕಟೆಯಾಗಿ ಪರೀಕ್ಷೆ ಮಾಡಿ ನೋಡಿ, ಒಗ್ಗಿದ್ರೆ ಇಟ್ಕೊಳ್ಳಿ."

ಅಷ್ಟು ಸಾಕಾಯಿತು. ಆತ ಹೇಳಿದಂತೆ ಕಂಪನಿಯ ಫೋನುಗಳಿಗೆಲ್ಲ ಒಂದೊಂದು ಸಂದೇಶ ಹೋಯಿತು. ಕೆಳಗೆ 'ಒಪ್ಪಿಗೆ' ಎಂಬ ಗುಂಡಿ. ಮೆಕ್ಯಾನಿಕ್ಕುಗಳೆಲ್ಲ ಒಂದಕ್ಷರ ಓದದೆ ಒತ್ತಿದರು. ಈ ವಿಷಯದಲ್ಲಿ ಅವರು ಮದುವೆ ಗಂಡಿನಷ್ಟೇ ಧೈರ್ಯಸ್ಥರು. "ನನ್ನದನ್ನೇ ಮೊದಲು ಸೇರಿಸಿ, ಯಜಮಾನ ನಾನು" ಎಂದು ಯಜಮಾನರೂ ಒತ್ತಿದರು, ಅಕ್ಕನೂ ಒತ್ತಿದಳು. ನೆರಳಿನ ಮರವನ್ನು ಮನಸ್ಸಿನಲ್ಲಿ ನೆನೆಯುತ್ತ ಗ್ಯಾಸಣ್ಣನೂ ಒತ್ತಿ, ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಟ.

ಕಂಪ್ಯೂಟರಿನ ಪರದೆಯ ಮೇಲೆ ಅಚ್ಚುಕಟ್ಟಾಗಿ ನಾಲ್ಕು ಗುಂಡಿ: ಹುಡುಕು, ಕೂಗಿಸು, ಬೀಗ ಹಾಕು, ಒರೆಸು.

"ಕೂಗಿಸಿ ನೋಡೋಣ ಅಣ್ಣಾ" ಎಂದಳು ಅಕ್ಕ.

"ಒಂದೇ ಫೋನ್ ಕೂಗಿಸೋಣ."

"ಒಂದನ್ನ ಯಾಕೆ? ಪರೀಕ್ಷೆ ಅಂದಮೇಲೆ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ" ಎಂದವಳೇ 'ಎಲ್ಲ' ಎಂಬಲ್ಲಿ ಗುರುತು ಹಾಕಿಬಿಟ್ಟಳು.

ಸ್ಟೋರಪ್ಪನವರು ಒತ್ತಿದರು. ಊರಿನ ನಾಲ್ಕು ಮೂಲೆಯಲ್ಲಿ ಕಂಪನಿಯ ಫೋನುಗಳೆಲ್ಲ ಬೆಂಕಿ ಆರಿಸುವ ಗಾಡಿಯಂತೆ ಒಟ್ಟಿಗೆ ಬೊಬ್ಬಿಟ್ಟವು. ಒಬ್ಬ ಮೆಕ್ಯಾನಿಕ್ಕು ವಾಷಿಂಗ್ ಮೆಷಿನ್ನಿನೊಳಗೆ ತಲೆ ತೂರಿಸಿದ್ದವನು ತಲೆ ತೆಗೆಯಲಾಗದೆ ಅಲ್ಲಿಂದಲೇ ಕಾಪಾಡಿ ಎಂದು ಕೂಗಿದನಂತೆ. ಮಗು ಮಲಗಿಸಿದ್ದ ಮನೆಯಿಂದ ಗ್ಯಾಸಣ್ಣನನ್ನು ಚೀಲ ಸಮೇತ ಹೊರಗೆ ಹಾಕಿದರಂತೆ. ಯಜಮಾನರ ಕೋಣೆಯಿಂದ ಕುರ್ಚಿ ಬಿದ್ದ ಸದ್ದು ಬಂತು.

"ಏನ್ರೀ ಅದು? ಬೆಂಕಿ ಬಿತ್ತೇನ್ರೀ?"

"ಇಲ್ಲ ಯಜಮಾನ್ರೇ, ಪರೀಕ್ಷೆ! ಈಗ ನಿಲ್ಲಿಸ್ತೀನಿ!"

ನಿಲ್ಲಿಸುವ ಗುಂಡಿ ಎಲ್ಲಿ? ನಾಲ್ಕರಲ್ಲಿ 'ನಿಲ್ಲಿಸು' ಎಂಬುದಿರಲಿಲ್ಲ. ಬೀಗ ಹಾಕಿದರೆ ಬಾಯಿಗೂ ಬೀಗ ಬಿದ್ದೀತೆಂದು ಸ್ಟೋರಪ್ಪನವರು ಅದನ್ನು ಒತ್ತಿದರು. ಫೋನುಗಳಿಗೆ ಬೀಗ ಬಿತ್ತು, ಬೊಬ್ಬೆ ನಿಲ್ಲಲಿಲ್ಲ. ಈಗ ಮೆಕ್ಯಾನಿಕ್ಕುಗಳ ಕೈಯಲ್ಲಿ ಕೂಗುವ ಫೋನು. ತೆರೆಯೋಣವೆಂದರೆ ಬರದು, ಎಸೆಯೋಣವೆಂದರೆ ಕಂಪನಿಯದು. ಎದುರು ಕಟ್ಟಡದವರು ಕಿಟಕಿಗೆ ಬಂದು ನಿಂತರು.

ಸ್ಟೋರಪ್ಪನವರ ಕಣ್ಣ ಮುಂದೆ ರೈಲೊಂದು ಅವರನ್ನು ಬಿಟ್ಟು ಹೊರಟುಹೋಯಿತು.

"ಅಯ್ಯೋ, ಅಲ್ಲೇ ಇದೆಯಲ್ಲ ಅಣ್ಣಾ!" ಎಂದಳು ಅಕ್ಕ. "ಸ್ಲೇಟಿನ ಮೇಲೆ ತಪ್ಪು ಬರೆದ್ರೆ ಏನು ಮಾಡ್ತೀವಿ? ಒರೆಸ್ತೀವಿ. ಒರೆಸು ಒತ್ತಿ, ಮಾಡಿದ್ದೆಲ್ಲ ಹೋಗುತ್ತೆ."

ಮಾತು ನ್ಯಾಯವಾಗಿತ್ತು. ಸ್ಟೋರಪ್ಪನವರು 'ಒರೆಸು' ಒತ್ತಿದರು. ಪರದೆ ಕೇಳಿತು: 'ಖಚಿತವೇ? ಎಲ್ಲವೂ ಹೋಗುತ್ತದೆ.'

"ನಮಗೂ ಅದೇ ತಾನೆ ಬೇಕಿರೋದು?" ಎಂದಳು ಅಕ್ಕ.

'ಖಚಿತ' ಎಂದು ಒತ್ತಿದರು. ಬೊಬ್ಬೆ ನಿಂತಿತು. ಮಳೆ ನಿಂತ ಮೇಲಿನ ಅಂಗಳದಂಥ ಮೌನ.

"ನಾನು ಹೇಳಿರ್ಲಿಲ್ವಾ?" ಎಂದು ಬೀಗುತ್ತ ಅಕ್ಕ ತನ್ನ ಫೋನನ್ನು ಕೈಗೆತ್ತಿಕೊಂಡಳು. ಅದು ಆಕೆಯನ್ನು ಹೊಸಬರನ್ನು ನೋಡುವಂತೆ ನೋಡಿ, 'ಸುಸ್ವಾಗತ, ನಿಮ್ಮ ಭಾಷೆಯನ್ನು ಆರಿಸಿ' ಎಂದಿತು. ಅಕ್ಕನ ಬಾಯಿಂದ ಯಾವ ಭಾಷೆಯೂ ಹೊರಡಲಿಲ್ಲ.

ಸ್ಟೋರಪ್ಪನವರು ಮೇಜಿನ ಮೇಲಿನ ಫೋನಿನಿಂದ ಮೂರನೆಯ ಕಂಪನಿಯವನಿಗೆ ಕರೆ ಮಾಡಿದರು.

"ಒರೆಸಿಬಿಟ್ರಾ? ಎಲ್ಲಾನೂ? ಅದು ಫೋನು ಕಳ್ಳರ ಪಾಲಾದಾಗ ಒಳಗಿರೋದನ್ನೆಲ್ಲ ಅಳಿಸೋಕೆ ಸಾರ್!"

"ಅದನ್ನ ನಮಗೆ ತಿಳಿಯೋ ಭಾಷೆಯಲ್ಲಿ ಬರೀಬಾರದಿತ್ತೇನಪ್ಪಾ?"

"ನಿಮ್ಮ ಭಾಷೆಯಲ್ಲೇ ಇದೆಯಲ್ಲ ಸಾರ್! ಹೆದರ್ಬೇಡಿ, ಗಿರಾಕಿಗಳ ವಿಳಾಸ, ಕೆಲಸದ ಲೆಕ್ಕ ಎಲ್ಲಾ ಮೋಡದಲ್ಲಿ ಭದ್ರವಾಗಿದೆ, ಫೋನಿಗೆ ವಾಪಸ್ ಬರುತ್ತೆ. ಹೋಗಿರೋದು ಅವರವರ ಸ್ವಂತದ್ದು ಮಾತ್ರ."

ಆ ಸ್ವಂತದ್ದು ಎಷ್ಟಿತ್ತೆಂಬುದು ಸಂಜೆಯ ಹೊತ್ತಿಗೆ ತಿಳಿಯಿತು. ಮೆಕ್ಯಾನಿಕ್ಕುಗಳು ಒಬ್ಬೊಬ್ಬರಾಗಿ ಬಂದರು. ಒಬ್ಬನ ಸಿನಿಮಾಗಳು ಹೋಗಿದ್ದವು, ಒಬ್ಬನ ಹಾಡು. ಗ್ಯಾಸಣ್ಣನಂತೂ ಮನೆ ಮುಳುಗಿದವನಂತೆ ಸ್ಟೋರಿನ ಬಾಗಿಲಲ್ಲೇ ಕುಸಿದು ಕೂತ.

"ಸ್ಟೋರಪ್ಪನೋರೇ, ಆಟದಲ್ಲಿ ನಾನೊಂದು ಕೋಟೆ ಕಟ್ಟಿದ್ದೆ. ಹುಲ್ಲಿನಿಂದ ಶುರು ಮಾಡಿ ಕಲ್ಲಿಗೆ ಬಂದಿದ್ದೆ. ಸೈನಿಕರಿದ್ರು, ಆನೆ ಇತ್ತು. ಈಗ ನನ್ನನ್ನೇ ಯಾರು ಅಂತ ಕೇಳ್ತಿದೆ."

"ರಾಜ್ಯ ಶಾಶ್ವತ ಅಲ್ಲ ಕಣಪ್ಪಾ" ಎಂದರು ಸ್ಟೋರಪ್ಪನವರು. ಅಂದದ್ದೇ ತಪ್ಪಾಯಿತು, ಗ್ಯಾಸಣ್ಣ ಗಳಗಳನೆ ಅತ್ತ.

ಆಗ ಯಜಮಾನರ ಕರೆ ಬಂತು. ಸ್ಟೋರಪ್ಪನವರು ಇಷ್ಟದೇವರನ್ನು ನೆನೆದು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಒಳಗೆ ಹೋದರು. ಕೆಲಸ ಹೋದರೂ ಹೋಗಲಿ, ಸಮುದ್ರವನ್ನಾದರೂ ತೋರಿಸುತ್ತೇನೆ ಎಂದು ಮನಸ್ಸು ಗಟ್ಟಿಮಾಡಿಕೊಂಡಿದ್ದರು.

ಯಜಮಾನರು ನಗುತ್ತಿದ್ದರು.

"ಬನ್ನಿ ಸ್ಟೋರಪ್ಪ, ಕೂತ್ಕೊಳ್ಳಿ. ಇವತ್ತು ಏನಾಯ್ತು ಗೊತ್ತೇನ್ರೀ? ಮಧ್ಯಾಹ್ನದಿಂದ ನನ್ನ ಭಾವಮೈದುನನ ಒಂದು ಸಂದೇಶ ಇಲ್ಲ. ದಿನಾ ಹೂವಿನ ಚಿತ್ರ, ಆರೋಗ್ಯದ ಸಲಹೆ ಕಳಿಸಿ ನನ್ನ ಆರೋಗ್ಯ ಕೆಡಿಸ್ತಿದ್ದ. ಇವತ್ತು ಊಟ ಆದಮೇಲೆ ಮಗುವಿನ ಹಾಗೆ ನಿದ್ದೆ ಮಾಡಿದೆ. ಅದೂ ಇರಲಿ, ನಮ್ಮ ಹುಡುಗರು ನೋಡಿ! ಆಟ ಇಲ್ಲ, ಸಿನಿಮಾ ಇಲ್ಲ, ಬೇರೆ ದಾರಿಯಿಲ್ಲದೆ ಎಲ್ಲಾ ಕೆಲಸ ಮುಗಿಸಿ ಬಂದು ಕೂತಿದ್ದಾರೆ. ಬಾಕಿ ಅನ್ನೋದೇ ಇಲ್ಲ! ಇದೇ ಸಾಫ್ಟ್‌ವೇರು ಖಾಯಂ. ಭಲೇ ಆರಿಸಿದ್ರಿ!"

ಸ್ಟೋರಪ್ಪನವರ ಕಣ್ಣು ತುಂಬಿ ಬಂತು. ಭಗವಂತ ಒಂದು ಬಾಗಿಲು ಹಾಕಿದ ಹಾಗೆ ಮಾಡಿ ಅಗುಳಿ ಹಾಕುವುದನ್ನು ಮರೆಯುತ್ತಾನೆ. "ಹಾಗಾದ್ರೆ ಯಜಮಾನ್ರೇ, ನಾಳೆಯಿಂದ ನನ್ನ ರಜೆ...?"

"ಧಾರಾಳವಾಗಿ ಹೋಗಿ ಬನ್ನಿ! ಆದರೆ ರಜೆ ಯಾತಕ್ಕೆ?"

"ಅಂದ್ರೆ?"

"ಇನ್ನು ಮೇಲೆ ಈ ಸಾಫ್ಟ್‌ವೇರಿಗೆ ನೀವೇ ಯಜಮಾನರು. ಆ ಕಂಪನಿಯವನನ್ನ ಈಗಷ್ಟೇ ಕೇಳಿದೆ. ಮೋಡದಲ್ಲಿರೋದರಿಂದ ಎಲ್ಲಿ ಕೂತು ಬೇಕಾದ್ರೂ ನಡೆಸಬಹುದಂತೆ. ಬೆಳಿಗ್ಗೆ ಎಲ್ಲರೂ ಎಲ್ಲಿದ್ದಾರೆ ನೋಡಿ, ಮಧ್ಯಾಹ್ನ ಯಾರು ಮರದ ಕೆಳಗಿದ್ದಾರೆ ನೋಡಿ, ಸಂಜೆ ಫೋನು ಎಲ್ಲಾ ಬಂತೋ ನೋಡಿ. ಕೆಲಸವೂ ಆಯ್ತು, ಪ್ರವಾಸವೂ ಆಯ್ತು. ನಿಮ್ಮ ರಜೆ ಉಳೀತು! ಸುಮ್ಮನೆ ಯಾಕ್ರೀ ಖರ್ಚು ಮಾಡ್ತೀರಿ?" ಎಂದು ಯಜಮಾನರು ರಜಾ ಅರ್ಜಿಯನ್ನು ಪ್ರೀತಿಯಿಂದ ಮಡಿಸಿ ಅವರ ಜೇಬಿಗೇ ಹಾಕಿ, ಬೆನ್ನು ತಟ್ಟಿದರು.

ಮನೆಗೆ ಬಂದಾಗ ಹೆಂಡತಿ ನಡುಮನೆಯಲ್ಲಿ ಚೀಲ ಕಟ್ಟುತ್ತ ಕೂತಿದ್ದಳು. ಗಂಡನ ಮುಖ ನೋಡಿದವಳೇ ಕೈಯಲ್ಲಿದ್ದ ಸೀರೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಈ ಸಲವೂ ಇಲ್ವೇನ್ರೀ?"

"ಹೋಗೋದುಂಟು ಕಣೇ. ರಜೆ ಮಾತ್ರ ಇಲ್ಲ" ಎಂದು ಸ್ಟೋರಪ್ಪನವರು ನಡೆದುದನ್ನೆಲ್ಲ ಒಂದೂ ಬಿಡದೆ ಹೇಳಿದರು. ಫ್ರಿಜ್ಜಿಗೆ ಜೋಗುಳ ಹಾಡಿದ ಅತ್ತೆಯ ಸುದ್ದಿಗೆ ಆಕೆ ನಕ್ಕಳು. ಗ್ಯಾಸಣ್ಣನ ಕೋಟೆಗೆ ಲೊಚಗುಟ್ಟಿದಳು. ಕೊನೆಯಲ್ಲಿ ಅವರು ತಲೆ ತಗ್ಗಿಸಿ, "ದಿನವಿಡೀ ಮೋಡ ಕಾಯ್ಬೇಕಂತೆ. ನಿನ್ನ ಪಕ್ಕ ಕೂತಿರ್ತೀನಿ, ಕಣ್ಣು ಮಾತ್ರ ಫೋನಿನಲ್ಲಿರುತ್ತೆ" ಎಂದಾಗ ಸೀರೆಯನ್ನು ಮತ್ತೆ ಎತ್ತಿಕೊಂಡು ಚೀಲಕ್ಕೆ ತುರುಕಿದಳು.

"ಅದಕ್ಕೇನಂತೆ ಬಿಡಿ" ಎಂದಳು. "ನಾನು ಸಮುದ್ರ ನೋಡ್ತೀನಿ, ನೀವು ಮೋಡ ನೋಡಿ."