ಬಾಬಣ್ಣನ ಎಪ್ಪತ್ತು, ನನ್ನ ಅಂಜಿಕೆ

ತವರಿನ ಬಳುವಳಿ ಎಂದು ಕೆಲವರಿಗೆ ಚಿನ್ನ ಬರುತ್ತದೆ, ಕೆಲವರಿಗೆ ಹೊಲ ಬರುತ್ತದೆ. ನನಗೆ ಬಂದದ್ದು ಅಂಜಿಕೆ. ಧಾರವಾಡದ ನಮ್ಮ ಮನೆಯ ಬಾಗಿಲನ್ನು ತಂತಿ ತರುವವನು ತಟ್ಟಿದರೆ, ಅಪ್ಪ ಮೊದಲು ಕುರ್ಚಿಯಲ್ಲಿ ಗಟ್ಟಿಯಾಗಿ ಕುಳಿತು, ಆಮೇಲೆ ಅವ್ವನ ಕೈಯಿಂದ ಬಾಗಿಲು ತೆಗೆಸುತ್ತಿದ್ದರು. ನಾನು ಅವರನ್ನೂ ಮೀರಿಸಿದ್ದೇನೆ. ಲೋಕಲ್ ಟ್ರೇನು ಎರಡು ಸ್ಟೇಷನ್ನುಗಳ ನಡುವೆ ನಿಂತರೆ ನನ್ನ ಕೈ ತಾಳಿಯನ್ನು ಹುಡುಕುತ್ತದೆ. ಬಸ್ಸು ಆಸ್ಪತ್ರೆಯ ಮುಂದೆ ಹಾದರೆ ಆಚೆ ಬದಿಯ ಅಂಗಡಿಗಳ ಬೋರ್ಡು ಓದುತ್ತೇನೆ. ಇಂಥ ನಾನು ಪ್ರತಿ ಭಾನುವಾರ ಮಾಟುಂಗದ ನಮ್ಮ ಕನ್ನಡ ಸಂಘದಲ್ಲಿ ಮೇಜು ಹಾಕಿಕೊಂಡು, ಎಪ್ಪತ್ತಾದವರಿಗೆ ಸರಕಾರದ ಆರೋಗ್ಯ ವಿಮೆಯ ಕಾರ್ಡಿನ ಬಗ್ಗೆ ಸಲಹೆ ಕೊಡುತ್ತೇನೆ ಎಂದರೆ ನೀವು ನಗಬಹುದು. ನಮ್ಮ ಯಜಮಾನರಂತೂ ನಗುತ್ತಲೇ ಇರುತ್ತಾರೆ. "ಮಂದಿಗೆ ಅಂಜಬ್ಯಾಡ್ರಿ ಅಂತ ಹೇಳೂದು, ಮನಿಗೆ ಬಂದು ತಾ ನಡಗೂದು," ಎನ್ನುತ್ತಾರೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆಯನ್ನು ನನ್ನನ್ನು ನೋಡಿಯೇ ಕಟ್ಟಿರಬೇಕು.

ಈ ಕೆಲಸವನ್ನು ನಾನಾಗಿ ಬೇಡಿದವಳಲ್ಲ. ವಡಾಲದ ಕನ್ನಡ ಶಾಲೆಯಲ್ಲಿ ಟೀಚರಾಗಿ ನಿವೃತ್ತಳಾದವಳು ಎಂಬ ಒಂದೇ ಕಾರಣಕ್ಕೆ ಸಂಘದ ಕಾರ್ಯದರ್ಶಿಗಳು ನನ್ನನ್ನು ಹಿಡಿದರು. ಸೀಮೆಸುಣ್ಣ ಹಿಡಿದವರು ಏನನ್ನು ಬೇಕಾದರೂ ಬಿಡಿಸಿ ಹೇಳಬಲ್ಲರೆಂದು ಅವರ ನಂಬಿಕೆ. ಬರುವವರೆಲ್ಲ ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತರುತ್ತಾರೆ. ಹಲ್ಲಿನ ಸೆಟ್ಟು ಸಿಗುತ್ತದೆಯೇ, ಕನ್ನಡಕ ಸಿಗುತ್ತದೆಯೇ ಎಂದು ವಿಚಾರಿಸುತ್ತಾರೆ. ಬರೀ ಗುಳಿಗೆಗೆ ಇದು ನಡೆಯುವುದಿಲ್ಲ, ಅಡ್ಮಿಟ್ ಆಗಬೇಕು, ಅದೂ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲೇ ಎಂದು ನಾನು ಹೇಳುತ್ತೇನೆ. ವಿಜಯಪುರದ ಕಡೆಯ ಒಬ್ಬ ಅಜ್ಜಿ, ಕಾರ್ಡು ಮಾಡಿಸಿದರೆ ರೋಗಕ್ಕೆ ನಾವೇ ತಾಂಬೂಲ ಕೊಟ್ಟು ಕರೆದಂತೆ ಎಂದು ಎದ್ದು ಹೋದಳು. ಅದೆಲ್ಲ ಮೂಢನಂಬಿಕೆ ಎಂದು ಉಳಿದವರಿಗೆ ಭಾಷಣ ಮಾಡಿದೆನಾದರೂ, ಒಳಗೊಳಗೇ ಅಜ್ಜಿ ಹೇಳಿದ್ದೇ ಸರಿ ಎನಿಸಿತ್ತು. ಶಾಲೆಯಲ್ಲಿ ತಪ್ಪು ಹೇಳಿಕೊಟ್ಟರೆ ಮರುದಿನ ಬೋರ್ಡು ಒರೆಸಿ ತಿದ್ದಬಹುದು. ಇಲ್ಲಿ ನಾನು ತಪ್ಪು ಹೇಳಿದರೆ ಯಾರೋ ಮುದುಕರು ಸ್ಟ್ರೆಚರಿನ ಮೇಲಿಂದ ವಾಪಸು ಬರಬೇಕು. ಪಲ್ಯಕ್ಕೆ ಒಗ್ಗರಣೆ ಹಾಕುವಾಗ ಇದು ನೆನಪಾಗಿ ಎಷ್ಟು ಸಲ ಸಾಸಿವೆ ಸೀದು ಹೋಗಿದೆಯೋ.

ಹೀಗಿರುವಾಗ ಬಾಬಣ್ಣ ಬಂದರು. ಉಡುಪಿಯ ಕಡೆಯವರು. ಹುಡುಗನಾಗಿದ್ದಾಗಲೇ ಮಾಟುಂಗದ ಹೋಟೆಲಿಗೆ ಗ್ಲಾಸು ತೊಳೆಯಲು ಬಂದು, ದೋಸೆಯ ಕಾವಲಿಯ ಮುಂದೆ ಆಯುಷ್ಯ ಕಳೆದು, ಈಗ ವಡಾಲದಲ್ಲಿ ಅಣ್ಣನ ಮಗನ ಜೊತೆ ಇದ್ದಾರೆ. ಸ್ಟೇಷನ್ನಿನ ಸೇತುವೆ ಹತ್ತುವಾಗ ಎದೆ ಹಿಡಿದುಕೊಂಡಿತಂತೆ. ಹೃದಯದ ರಕ್ತನಾಳ ಕಟ್ಟಿದೆ, ಸ್ಟೆಂಟ್ ಹಾಕಬೇಕು, ತಡ ಮಾಡಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದರು. ಬಾಬಣ್ಣನಿಗೆ ಅದರ ಹೆದರಿಕೆಯೇ ಇರಲಿಲ್ಲ. ಹೋಟೆಲಿನ ಮೋರಿ ಕಟ್ಟಿದರೆ ತಂತಿ ಹಾಕಿ ಬಿಡಿಸುವುದಿಲ್ಲವೇ, ಹಾಗೆಯೇ ಇದೂ ಎಂದು ನನಗೇ ತಿಳಿಹೇಳಿದರು. ಆಧಾರಿನ ಪ್ರಕಾರ ಅವರಿಗೆ ಆಗಷ್ಟೇ ಎಪ್ಪತ್ತು ತುಂಬಿತ್ತು. ಕಾರ್ಡು ಮಾಡಿಸಿದೆ. ಅಂಧೇರಿಯ ಒಂದು ಆಸ್ಪತ್ರೆ ಪಟ್ಟಿಯಲ್ಲಿದೆಯೆಂದು ಫೋನು ಮಾಡಿ ಮಾಡಿ ಕೇಳಿದೆ, ಕೊನೆಗೆ ಆಚೆಯವರು ನನ್ನ ದನಿ ಕೇಳಿದೊಡನೆ "ಹೌದು ಮೇಡಂ, ಇದೆ" ಎಂದುಬಿಡುತ್ತಿದ್ದರು. ಇನ್ನೇನು ನನ್ನ ಕೆಲಸ ಮುಗಿಯಿತು ಎನ್ನುವಷ್ಟರಲ್ಲಿ ಬಾಬಣ್ಣ, ಟೀಚರ್ ಜೊತೆಗೆ ಬಂದರೆ ಮಾತ್ರ ಹೋಗುವುದು, ಇಲ್ಲದಿದ್ದರೆ ಇಲ್ಲ ಎಂದು ಹಟ ಹಿಡಿದರು. ಅಣ್ಣನ ಮಗ ತಾನು ದುಡಿಯುವ ಹೋಟೆಲಿನ ಊಟದ ಗಲಾಟೆ ಮುಗಿಸಿ ಮಧ್ಯಾಹ್ನದ ಮೇಲೆ ಬರುವವನಿದ್ದ.

ಟ್ಯಾಕ್ಸಿಯಲ್ಲಿ ಬಾಬಣ್ಣ ಹಾಯಾಗಿ ಕಿಟಕಿಯ ಹೊರಗೆ ನೋಡುತ್ತಿದ್ದರು. ನಾನು ನಿಧಾನಕ್ಕೆ ಹೋಗಲೆಂದು ಡ್ರೈವರನಿಗೆ ಭಯ್ಯಾ, ಧೀರೇ ಎನ್ನುತ್ತ, ದೇವರ ನಾಮ ಗೊಣಗುತ್ತ ಹೋದೆ. ಆಸ್ಪತ್ರೆಯ ವಾಸನೆ ಮೂಗಿಗೆ ಬಡಿದಾಗ ಕಾಲು ಹಿಂದಕ್ಕೆ ಬಂತು, ಬಾಬಣ್ಣನೇ ನನ್ನ ಮೊಣಕೈ ಹಿಡಿದು ಒಳಗೆ ಕರೆದೊಯ್ದರು. ವಿಮೆ ಯೋಜನೆಯ ಕೌಂಟರಿನ ಮುಂದೆ ಬೆಂಚಿನ ಮೇಲೆ ಕುಳಿತೆವು. ನಮ್ಮ ಸರದಿ ಹತ್ತಿರ ಬರುತ್ತಿದ್ದಂತೆ ಅವರು ನನ್ನ ಕಡೆ ವಾಲಿ ಮೆಲ್ಲಗೆ ಹೇಳಿದರು:

"ಟೀಚರ್, ಒಂದು ವಿಷಯ ಹೇಳ್ಲಿಕ್ಕೆ ಉಂಟು. ನನಗೆ ಅಷ್ಟು ಪ್ರಾಯ ಆಗ್ಲಿಲ್ಲ."

ಅವರು ಹೋಟೆಲಿಗೆ ಸೇರಿದಾಗ ಹನ್ನೊಂದು ವರ್ಷವಂತೆ. ಯಾರೋ ಲೇಬರ್ ಇನ್ಸ್‌ಪೆಕ್ಟರು ಬಂದಾಗ ಹದಿನಾಲ್ಕು ಎನ್ನಬೇಕೆಂದು ಧಣಿಗಳು ಹೇಳಿಕೊಟ್ಟಿದ್ದರು. ಆ ಹದಿನಾಲ್ಕೇ ಬೆಳೆದು ರೇಷನ್ ಕಾರ್ಡಿಗೆ ಹೋಯಿತು, ಅಲ್ಲಿಂದ ಆಧಾರಿಗೆ ಹೋಯಿತು, ಈಗ ಎಪ್ಪತ್ತಾಗಿ ನನ್ನ ಪಕ್ಕದಲ್ಲಿ ಕುಳಿತಿತ್ತು. ಅಸಲಿಗೆ ಅರವತ್ತೇಳೇ. ಸರಕಾರಕ್ಕೆ ಮೋಸ, ಪೊಲೀಸು, ಪೇಪರಿನಲ್ಲಿ ನನ್ನ ಫೋಟೋ, ಅದೂ ಆಧಾರಿನಲ್ಲಿರುವ ಆ ಕೆಟ್ಟ ಫೋಟೋ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀವು ಹೆದರ್ತೀರಿ ಅಂತ ಗೊತ್ತುಂಟಲ್ಲ," ಎಂದರು, ನನ್ನ ಆರೋಗ್ಯದ ಕಾಳಜಿಯಿಂದಲೇ.

ಎದ್ದು ಹೋಗಿಬಿಡಬೇಕೆನಿಸಿತು. ನಿಜ ಹೇಳಿಬಿಡೋಣವೆಂದರೆ ನಿಜಕ್ಕೆ ಒಂದು ಚೀಟಿಯೂ ಸಾಕ್ಷಿಯಿಲ್ಲ, ಹೆತ್ತ ತಾಯಿ ತೀರಿ ಎಷ್ಟೋ ಕಾಲವಾಗಿದೆ, ಇರುವ ಕಾಗದಗಳೆಲ್ಲ ಸುಳ್ಳಿನ ಕಡೆಗೇ ನಿಂತಿವೆ. ಬಾಬಣ್ಣನ ಕೈ ನೋಡಿದೆ. ಗ್ಲಾಸು ತೊಳೆಯುವ ಸೋಡಾನೀರಿಗೆ ಬೆಂದ ಬೆರಳುಗಳು, ಕಾವಲಿಗೆ ತಾಗಿದ ಕಲೆಗಳು. ಐದನೆಯ ಇಯತ್ತೆಯಲ್ಲಿ ನನ್ನಂಥ ಟೀಚರ ಮುಂದೆ ಕುಳಿತು ಮಗ್ಗಿ ಒಪ್ಪಿಸಬೇಕಾಗಿದ್ದ ವಯಸ್ಸಿನ ಹುಡುಗನನ್ನು ದೊಡ್ಡವನೆಂದು ಹೇಳಿಸಿ ಎಂಜಲು ಗ್ಲಾಸಿನ ಮುಂದೆ ನಿಲ್ಲಿಸಿದಾಗ ಯಾವ ಕೌಂಟರೂ ಪ್ರಶ್ನೆ ಕೇಳಿರಲಿಲ್ಲ. ನನಗೆ ಸಿಟ್ಟು ಬಂತು. ಅಂಜುಬುರುಕರಿಗೆ ಸಿಟ್ಟು ಬರುವುದು ಅಪರೂಪ, ಬಂದರೆ ಏನು ಮಾಡಬೇಕೆಂದೂ ತಿಳಿಯುವುದಿಲ್ಲ. ಅಷ್ಟರಲ್ಲಿ ಕೌಂಟರಿನ ಹೆಂಗಸು ಕರೆದು, ಬಾಬಾಂಚೆ ವಯ ಕಿತೀ ಎಂದು ಮರಾಠಿಯಲ್ಲಿ ವಯಸ್ಸು ಕೇಳಿದಳು. ಬಾಬಣ್ಣ ನನ್ನ ಮುಖ ನೋಡಿದರು.

"ಸತ್ತರ್," ಎಂದೆ ನಾನು.

ಎಪ್ಪತ್ತು ಎಂಬ ಆ ಮಾತು ನನ್ನ ಬಾಯಿಂದ ಬಂತೆಂದು ಈಗಲೂ ನಂಬಿಕೆಯಾಗುತ್ತಿಲ್ಲ. ಅವಳು ಬಾಬಣ್ಣನ ಬೆರಳನ್ನು ಯಂತ್ರದ ಮೇಲೆ ಒತ್ತಿಸಿದಳು. ಅದು ತಿರುಗಿತು, ನಿಂತಿತು, ಮತ್ತೆ ತಿರುಗಿತು. ಒಪ್ಪಿಗೆ ಬರುವ ತನಕ ಕುಳಿತಿರಿ ಎಂದಳು. ಬಾಬಣ್ಣ ಬೆಂಚಿನ ಮೇಲೆ ತೂಕಡಿಸಿದರು, ನಾನು ಬಾಗಿಲಲ್ಲಿ ಖಾಕಿ ಬಟ್ಟೆ ಕಂಡಾಗಲೆಲ್ಲ ಸೆರಗು ಹೊದ್ದುಕೊಂಡೆ. ಬಂದವರೆಲ್ಲ ಆಟೋ ಡ್ರೈವರುಗಳು. ಕೊನೆಗೆ ಅಣ್ಣನ ಮಗ ಬಂದ, ಅವನ ಹಿಂದೆಯೇ ಒಪ್ಪಿಗೆಯೂ ಬಂತು. ಬಾಬಣ್ಣನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಲಿಫ್ಟಿನ ಕಡೆಗೆ ಒಯ್ದರು. ಅವರು ಕೈಬೀಸಿದರು. ನಾನೂ ಬೀಸಬೇಕೆಂದು ಕೈ ಎತ್ತಿದ್ದು ನೆನಪಿದೆ, ಆಮೇಲಿನದು ನೆನಪಿಲ್ಲ.

ಕಣ್ಣು ಬಿಟ್ಟಾಗ ನಾನು ಮಂಚದ ಮೇಲಿದ್ದೆ. ಬಿಪಿ ಎಲ್ಲಿಗೋ ಏರಿದೆ, ನಾಳೆಯ ತನಕ ಇಲ್ಲೇ ಇರಬೇಕು ಎಂದು ಡಾಕ್ಟರು ಹೇಳಿ ಹೋದರು. ಯಜಮಾನರು ಫೋನಿನಲ್ಲಿ ನಗಲಿಲ್ಲ, ಅದರಿಂದ ಇನ್ನಷ್ಟು ಹೆದರಿದೆ. ಸ್ವಲ್ಪ ಹೊತ್ತಿಗೆ ಅದೇ ಕೌಂಟರಿನ ಹೆಂಗಸು ಬಂದು ನನ್ನ ಆಧಾರ್ ನೋಡಿದಳು. ಅರವತ್ತೊಂಬತ್ತು. ಪಾಪ, ಒಳ್ಳೆಯವಳು. ಎಪ್ಪತ್ತರ ಕಾರ್ಡಿಗೆ ಮುಂದಿನ ವರ್ಷ ಬನ್ನಿ ಆಜಿ, ಮತ್ತೆ ಬರೀ ಹೆದರಿಕೆಗೆ ಯಾವ ಯೋಜನೆಯಲ್ಲೂ ಪ್ಯಾಕೇಜ್ ಇಲ್ಲ ಎಂದು ತಿಳಿಸಿ ಹೇಳಿದಳು, ನಾನು ಭಾನುವಾರದ ಮೇಜಿನಲ್ಲಿ ಹೇಳುವಷ್ಟೇ ಮೃದುವಾಗಿ. ಯಜಮಾನರ ಕಂಪನಿಯ ವಿಮೆ ಅವರು ನಿವೃತ್ತರಾದ ದಿನವೇ ನಿವೃತ್ತವಾಗಿತ್ತು, ಬಿಲ್ಲು ನಾವೇ ಕಟ್ಟಬೇಕು.

ಮರುದಿನ ಬೆಳಿಗ್ಗೆ ಅಣ್ಣನ ಮಗ ಬಾಬಣ್ಣನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದ. ಸ್ಟೆಂಟ್ ಹಾಕಿಯಾಗಿತ್ತು, ಮುಖದಲ್ಲಿ ಕಳೆಯಿತ್ತು. ಒಂದು ವರ್ಷ ಕಡಿಮೆ ಬಿದ್ದ ನನ್ನ ಕಥೆಯನ್ನೆಲ್ಲ ಅವನಿಂದ ಆಗಲೇ ಕೇಳಿದ್ದರು. ನನಗಿಂತ ಎರಡು ವರ್ಷ ಚಿಕ್ಕವರಾದ ಆ ಹಿರಿಯರು ನನ್ನನ್ನು ಬಹಳ ಮರುಕದಿಂದ ನೋಡಿದರು.

"ಟೀಚರ್, ನಿಮ್ಮನ್ನೂ ಸಣ್ಣದಿರುವಾಗ ಹೋಟೆಲಿಗೆ ಸೇರಿಸ್ಬೇಕಿತ್ತು."

ನಗು ಒತ್ತರಿಸಿ ಬಂತು. ಆದರೆ ನರ್ಸು ಬಿಪಿ ನೋಡಲು ತೋಳಿಗೆ ಪಟ್ಟಿ ಕಟ್ಟುತ್ತಿದ್ದಳು. ನಕ್ಕು ಅದು ಏರಿದರೆ ಇನ್ನೊಂದು ದಿನ ಇರಿಸಿಕೊಂಡಾರು ಎಂದು ಹೆದರಿ, ಕಣ್ಣು ಮುಚ್ಚಿ ಸುಮ್ಮನೆ ಮಲಗಿದೆ.