ಅಮ್ಮನ ಮುಖಕ್ಕೆ ಅಡ್ಡ ಕೂತ ವಿದ್ಯುತ್ ಪೆಟ್ಟಿಗೆಯವರಿಗೆ

ಮಾನ್ಯ ವಿದ್ಯುತ್ ಪೆಟ್ಟಿಗೆಯವರ ಸನ್ನಿಧಾನಕ್ಕೆ,

ಹಗಲಿರುಳೆನ್ನದೆ ಗುಂಯ್‌ಗುಡುತ್ತಾ ಕಂಬದ ಮೇಲಿಂದಲೇ ಊರಿಗೆಲ್ಲ ಬೆಳಕು ಹಂಚುತ್ತಿರುವ ತಮ್ಮ ಉಕ್ಕಿನ ಮೈಗೆ ತುಕ್ಕು ತಾಗದಿರಲೆಂದು ಹಾರೈಸುತ್ತಾ, ಪುಟ್ಟ ಊರುಗಳ ಗೋಡೆಚಿತ್ರಗಳನ್ನೂ ಯಾರೂ ತಿರುಗಿ ನೋಡದ ಮೂಲೆಗಳನ್ನೂ ಫೋಟೋ ತೆಗೆಯುತ್ತಾ ಅಲೆಯುವ ನಾನು ಮಾಡುವ ವಿನಂತಿ.

ತಾವು ಕೂತಿರುವುದು ನಮ್ಮ ಅಮ್ಮನ ಮುಖದ ಮುಂದೆ. ದರ್ಜಿಯಾಗಿದ್ದ ಆಕೆ ಕ್ಯಾಮರಾ ಕಂಡರೆ ಸಾಕು, "ನನ್ನ ಮೂತಿ ಏನು ತೆಗೀತೀಯೋ, ಆ ಗೋಡೆ ತೆಗಿ, ಚೆನ್ನಾಗಿದೆ" ಎಂದು ಎದ್ದು ಹೋಗುತ್ತಿದ್ದಳು. ಹೀಗಾಗಿ ಕಂಡಕಂಡ ಊರಿನ ಗೋಡೆಗಳನ್ನೆಲ್ಲ ಕೂಡಿಟ್ಟ ನನ್ನ ಬಳಿ ಹೆತ್ತವಳ ಫೋಟೋ ಒಂದೂ ಇಲ್ಲ. ಆಕೆ ತೀರಿಕೊಂಡ ಮೇಲೆ, ಅಂಗಡಿಗಳ ಬೋರ್ಡು ಬರೆಯುವ ನನ್ನ ಅಕ್ಕ, ಅಮ್ಮನ ಅಂಗಡಿಯ ಹೊರಗೋಡೆಯ ಮೇಲೆ, ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸುತ್ತಿರುವ ಮಹಡಿಯೆತ್ತರದ ಅಮ್ಮನನ್ನು ಬರೀ ನೆನಪಿನಿಂದ ಬಿಡಿಸಿದಳು. ಬಣ್ಣ ಒಣಗಿದ ಮೇಲೆ ಫೋಟೋ ತೆಗಿ ಎಂದಳು. ಒಣಗುವಷ್ಟರಲ್ಲಿ ತಾವು ದಯಮಾಡಿಸಿದಿರಿ.

ಇಡೀ ಬೀದಿ ಬಿಟ್ಟು ಅದೇ ಜಾಗ ಆರಿಸಿಕೊಂಡ ತಮ್ಮ ರಸಿಕತೆಗೆ ತಲೆದೂಗದವರುಂಟೇ? ವಿದ್ಯುತ್ ಕಚೇರಿಗೆ ದೂರು ಕೊಟ್ಟೆವು. ಇಂಜಿನಿಯರು ಬಹಳ ಸಹೃದಯರು; ತಮ್ಮನ್ನು ಸರಿಸುವ ತೊಂದರೆ ತಪ್ಪಿಸಲು, ಮರೆಯಾದ ಮುಖವನ್ನು ತಮ್ಮ ಮೈಮೇಲೆಯೇ ಬರೆಸಿಬಿಟ್ಟರು. ಅಮ್ಮನನ್ನು ಕಂಡರಿಯದ ಚಿತ್ರಗಾರನಿಗೆ ಮಾದರಿಯೆಂದು ಇಂಜಿನಿಯರು ಕೊಟ್ಟದ್ದು ಸ್ವಂತ ಅತ್ತೆಯ ಫೋಟೋ. ಎರಡೂ ಕಣ್ಣರಳಿಸಿ, ಹಲ್ಲು ಬಿಟ್ಟು, ಸೂಜಿಯ ಕಡೆ ತಿರುಗಿಯೂ ನೋಡದೆ ದಾರ ಪೋಣಿಸುವ ಜಗತ್ತಿನ ಏಕೈಕ ದರ್ಜಿ ಈಗ ನಮ್ಮೂರಲ್ಲಿದ್ದಾಳೆ. ಮತ್ತೆ ಹೋಗಿ ಅಂಗಲಾಚಿದರೆ, ತಾವೀಗ ಸಾರ್ವಜನಿಕ ಕಲೆಯಂತೆ, ಕಲೆಯನ್ನು ಕದಲಿಸುವಂತಿಲ್ಲವಂತೆ.

ಇನ್ನೊಂದು ಗೋಡೆಯ ಮೇಲೆ ಬಿಡಿಸು ಎಂದು ಅಕ್ಕನಿಗೆ ಹೇಳಿ ನೋಡಿದೆ. "ಆ ಮುಖ ಒಂದೇ ಸಲ ಕೈಗೆ ಬಂತು ಕಣೋ, ಇನ್ನು ಬರಲ್ಲ" ಎಂದಳು. ಅಂಗಡಿಯ ಹೊರಮೆಟ್ಟಿಲೇರಿ ಗೋಡೆಗೆ ಕೆನ್ನೆಯೊತ್ತಿ ಇಣುಕಿದರೆ, ತಮ್ಮ ಬೆನ್ನಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಆ ಮುಚ್ಚಿದ ಕಣ್ಣೊಂದು ಕಾಣುತ್ತದೆ. ಕೆಲಸಕ್ಕೆ ಹೊರಡುವ ಮುನ್ನ ಅಕ್ಕ ಅದನ್ನು ನೋಡಿಕೊಂಡೇ ಹೋಗುವುದು. ಹೆತ್ತ ತಾಯಿಯನ್ನು ಹೀಗೆ ಕದ್ದು ನೋಡಬೇಕಲ್ಲ!

ಆದಕಾರಣ ತಾವು ಒಂದು ದಿನದ ಮಟ್ಟಿಗೆ ರಜೆ ಹಾಕಬೇಕು. ಆಗದಿದ್ದರೆ ಒಮ್ಮೆ ಜೋರಾಗಿ ಸೀನಿ ಎರಡು ಮಾರು ಪಕ್ಕಕ್ಕೆ ಹಾರಬೇಕು. ಅದೂ ಘನತೆಗೆ ಕುಂದೆನಿಸಿದರೆ, ನಾನೊಂದು ಫೋಟೋ ತೆಗೆಯುವವರೆಗೆ ಗಾಜಾಗಬೇಕೆಂದು ಕೈಮುಗಿದು ಕೋರುತ್ತೇನೆ.

ತಮ್ಮ ನೆರಳಿನಲ್ಲೇ ಕಾದು ನಿಂತಿರುವ,
ತಮ್ಮ ವಿಶ್ವಾಸಿ,
ಗೋಡೆ ಫೋಟೋದವನು

ತಾ.ಕ.: ಇದನ್ನು ಬರೆದು ಮುಗಿಸುವಷ್ಟರಲ್ಲಿ ಆ ಅತ್ತೆಯವರೇ ಸ್ವಂತ ಚಿತ್ರ ನೋಡಲು ಅಳಿಯನೊಂದಿಗೆ ಬಂದಿದ್ದರು. ಅಕ್ಕನ ಹಿಂದೆಯೇ ಮೆಟ್ಟಿಲೇರಿ, ಸಂದಿಯಲ್ಲಿ ಇಣುಕಿ, ಕೆಳಗಿಳಿದು ಬಂದವರೇ ಅಳಿಯನಿಗೆ ಒಂದೇ ಮಾತು ಹೇಳಿದರು: "ಈ ಪೆಟ್ಟಿಗೆ ಇಲ್ಲಿಂದ ಹೋಗೋವರೆಗೂ ನಾನು ನಿಮ್ಮನೇಲೇ ಇರ್ತೀನಿ." ತಾವು ಗಂಟುಮೂಟೆ ಕಟ್ಟಿಕೊಳ್ಳುವುದು ಒಳ್ಳೆಯದು.