ಹಿತ್ತಿಲಲ್ಲಿ ಸಿಕ್ಕ ಆದಿಮಾನವರು

ಪಾಠ ಮಾಡಿ ಮಾಡಿ ಮೇಷ್ಟ್ರುಗಳಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಬಾಯಲ್ಲಿ ಹೇಳಿದ್ದನ್ನೆಲ್ಲ ಕಣ್ಣಲ್ಲಿ ಕಂಡಿದ್ದೇವೆ ಎಂದು ನಂಬಿಬಿಡುವುದು. ಹೊನ್ನಾವರದಲ್ಲಿ ಇತಿಹಾಸ ಕಲಿಸುವ ನನಗಂತೂ ಅದು ವಾಸಿಯಾಗುವ ಹಂತ ದಾಟಿದೆ. ನಾನು ಆದಿಮಾನವರೆಂದೇ ಕರೆಯುವ ಸಾವಿರಾರು ವರ್ಷದ ಹಿಂದಿನ ಜನ ಕೋಳಿ, ಕೆಸುವಿನ ಗಡ್ಡೆ ಸಮೇತ ಮಹಾಸಾಗರ ದಾಟಿ ದ್ವೀಪದಿಂದ ದ್ವೀಪಕ್ಕೆ ಹೋಗಿ ನೆಲೆಸಿದ ಕಥೆಯನ್ನು, ಅವರ ದೋಣಿಗೆ ನಾನೇ ಹುಟ್ಟು ಹಾಕಿದವನಂತೆ ಹೇಳುತ್ತೇನೆ. ಶರಾವತಿಯಲ್ಲಿ ದೋಣಿ ಹತ್ತಿದರೆ ಮಾತ್ರ ಹೊಟ್ಟೆ ತೊಳಸುತ್ತದೆ.

ಮಾವಿನಕುರ್ವೆಯ ನಮ್ಮ ಹಿತ್ತಿಲನ್ನು ಹೊಳೆ ವರ್ಷಾ ವರ್ಷಾ ತಿನ್ನುತ್ತಿದೆ. ತಡೆಗೋಡೆಗೆ ಅರ್ಜಿ ಕೊಟ್ಟು ಕೊಟ್ಟು ಚಪ್ಪಲಿ ಸವೆಯಿತು. ಎರಡು ತೆಂಗಿನಮರ ಹೋದವು, ಬರುವ ಮಳೆಗಾಲಕ್ಕೆ ಅಡುಗೆಮನೆಯ ಸರದಿ. ಹೀಗಿರುವಾಗ ಕುಸಿದ ದಂಡೆಯಲ್ಲಿ, ನಾವು ಬಳಚು ಎನ್ನುವ ಹೊಳೆಯ ಕಪ್ಪೆಚಿಪ್ಪಿನ ದಪ್ಪ ಪದರವೊಂದು ಕಾಣಿಸಿತು. ದ್ವೀಪಗಳ ಆ ಹಳಬರು ಶಾಸನ ಕೆತ್ತಿಸಿ ಹೋದವರಲ್ಲ, ತಿಂದು ಬಿಸಾಡಿದ ಚಿಪ್ಪಿನ ರಾಶಿಯೇ ಅವರ ಚರಿತ್ರೆ. ಇದು ಪ್ರಾಚೀನ ನೆಲೆ ಎಂದಾಗಿಬಿಟ್ಟರೆ ಸರಕಾರ ಗೋಡೆ ಕಟ್ಟದೆ ಎಲ್ಲಿಗೆ ಹೋದೀತು! ಲುಂಗಿ ಎತ್ತಿ ಕಟ್ಟಿ ಅಗೆಯಲು ನಿಂತೆ.

ನನಗಿಂತ ಎಂಟು ವರ್ಷಕ್ಕೆ ದೊಡ್ಡವಳಾದ ಅಕ್ಕ ಬಾವಿಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಸುಮ್ಮನೆ ಕೂತವರನ್ನು ಕಂಡರೆ ಮೇಷ್ಟ್ರಿಗೆ ಸಹಿಸಲಾಗದು. "ನೋಡು, ಕೆಳಗೆ ದೊಡ್ಡ ಚಿಪ್ಪು, ಮೀನಿನ ಮುಳ್ಳು. ಮೇಲೆ ಬರೀ ಉಗುರಿನಷ್ಟು ಮರಿಬಳಚು. ಅಂದ್ರೆ ಕೊನೆಗೆ ಇಲ್ಲಿಯವರಿಗೆ ಹೊಟ್ಟೆಗಿರಲಿಲ್ಲ. ಮರಿಯನ್ನೂ ಬಿಡದೆ ತಿಂದಿದ್ದಾರೆ, ಪಾಪ!" ಎಂದೆ. ಅಷ್ಟರಲ್ಲಿ ಮರಿಚಿಪ್ಪುಗಳ ನಡುವೆ ಅಲ್ಯುಮಿನಿಯಂ ಸೌಟಿನ ತುಂಡೊಂದು ಸಿಕ್ಕಿತು. ಆದಿಮಾನವರ ಮಾನ ಕಾಯಲು ಅದನ್ನು ಮೆಲ್ಲಗೆ ಲುಂಗಿಯೊಳಗೆ ಸೇರಿಸಿದೆ.

"ಅಡಗ್ಸೂದು ಎಂತಕೆ? ಅದು ಅವ್ವಿ ಸೌಟು," ಎಂದಳು ಅಕ್ಕ. "ಅಪ್ಪ ಹೋದ ದೋಣಿ ತಿರುಗಿ ಬರದ ವರ್ಷ. ಮನೇಲಿ ಅಕ್ಕಿ ಇರ್ಲಿಲ್ಲ. ಅವ್ವಿ ಹೊಳೇಲಿ ಬಳಚು ಆರ್ಸಿ ತರ್ತಿತ್ತು. ನಾನೂ ಅವ್ವೀನೂ ಅದ್ನೇ ಬೇಯ್ಸಿ ತಿಂತಿದ್ವಿ. ಎಲ್ಲಾದ್ರೂ ಒಂದು ಮುಷ್ಟಿ ಅಕ್ಕಿ ಸಿಕ್ರೆ ನಿಂಗೆ. ನೀ ಬಳಚು ಬಾಯಿಗಿಟ್ರೆ ಉಗೀತಿದ್ದೆ."

ನನಗೆ ಆಗ ನಾಲ್ಕು ವರ್ಷ. ಆ ವರ್ಷದ ಬಗ್ಗೆ ನೆನಪಿರುವುದು ಬಿಸಿ ಗಂಜಿಯ ಪರಿಮಳ ಒಂದೇ. ಅಪ್ಪ ಇಲ್ಲದಿದ್ದರೂ ನಮ್ಮ ಮನೆಯಲ್ಲಿ ಊಟಕ್ಕೆ ಕೊರತೆಯಾಗಲಿಲ್ಲ ಎಂದು ಇಡೀ ಊರಿಗೆ ಹೇಳಿಕೊಂಡು ಬಂದವನು ನಾನು. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ತಪ್ಪಾಯಿತು ಎನ್ನೋಣವೆಂದರೆ ಅವ್ವಿಯೂ ಈಗಿಲ್ಲ. ಗೋಡೆಯ ಆಸೆಯೂ ಅಲ್ಲಿಗೆ ಮುಗಿಯಿತು. ಐವತ್ತು ವರ್ಷದ ಹಿಂದಿನ ನಮ್ಮ ಮನೆಯ ಹಸಿವಿಗೆ ಯಾವ ಇಲಾಖೆ ಗೋಡೆ ಕಟ್ಟೀತು?

"ನಿನ್ನ ಆ ಸಮುದ್ರ ದಾಟಿದವ್ರ ಮನೇಲೂ ಹಿಂಗೇ ಗಂಜಿ ಉಂಡವ ಒಬ್ಬ ಇರ್ತಿದ್ನಾ?" ಎಂದು ಅಕ್ಕ ಕೇಳಿದಳು. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ಇದ್ರೂ ಗೊತ್ತಾಗೂದಿಲ್ಲ ಅಕ್ಕಾ. ಗಂಜಿ ಉಂಡವನ ಗುರುತು ಮಣ್ಣಲ್ಲಿ ಉಳಿಯೂದಿಲ್ಲ," ಎಂದೆ. ಆ ಗುರುತು ಇಲ್ಲದ್ದಕ್ಕೇ ಇಷ್ಟು ವರ್ಷ ನಾನೂ ಸಿಕ್ಕಿಬೀಳದೆ ಓಡಾಡಿದ್ದು.